ಐದು ಸರದಿ ಮುಗಿದ ಮೇಲೆ

ಈ ಕಥೆಯನ್ನು ಮೊದಲು ಹೇಳಿದವರು ನೋಲಾ ಮೆಕ್ರೇ. ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಕಾರ್ಡಿನ ಆಟದಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾದರೂ ಒಂದು ಪಂದ್ಯಾವಳಿಯನ್ನೂ ತಪ್ಪಿಸಿದವರಲ್ಲ. ಹೇಳಿದ್ದು 2017ರ ಸೆಪ್ಟೆಂಬರಿನ ಮೂರನೆಯ ಭಾನುವಾರ ಮಧ್ಯಾಹ್ನ, ಡುನೆಡಿನ್‌ನ ಕಾರ್ಡ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ. ಕೇಳಿದವರು ಏಳು ಮಂದಿ. ಆಮೇಲೆ ಇದೇ ಕಥೆ ಇನ್ವರ್ಕಾರ್ಗಿಲ್‌ನಲ್ಲೂ ಕ್ರೈಸ್ಟ್‌ಚರ್ಚ್‌ನಲ್ಲೂ ಬೇರೆ ಬಾಯಿಗಳಿಂದ ಕೇಳಿಬಂದಿದೆ. ಅಲ್ಲಿ ಗಾಳಿ ಇನ್ನಷ್ಟು ಜೋರು, ತೀರ್ಪುಗಾರ್ತಿ ಇನ್ನಷ್ಟು ನಿರ್ದಯಿ. ಇಲ್ಲಿರುವುದು ನೋಲಾ ಹೇಳಿದ ರೂಪ. ಕಥೆ ನಡೆದ ದಿನ ಅವರು ಪಕ್ಕದ ಮೇಜಿನಲ್ಲೇ ಇದ್ದರು. ಕಣ್ಣಿಗೆ ಕಾಣದ ಭಾಗವನ್ನು ಕಥೆಯ ನಾಯಕಿ ಹಿನೆವಾಯ್‌ಳ ಬಾಯಿಂದಲೇ ಕೇಳಿದ್ದರು.

ಗಡಿಯಾರದಲ್ಲಿ ಇನ್ನು ಆರು ನಿಮಿಷವಿತ್ತು. ಹಿನೆವಾಯ್‌ಳ ಎಡಗಾಲು ಮೇಜಿನ ಕೆಳಗೆ ಕುಣಿಯುತ್ತಲೇ ಇತ್ತು. ಕೈಯಲ್ಲಿದ್ದ ನಾಲ್ಕು ಕಾರ್ಡಿನ ಎಲೆಗಳನ್ನು ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಹಾಕುತ್ತ ಆಕೆ ಚಟಚಟನೆ ಸದ್ದು ಮಾಡುತ್ತಿದ್ದಳು. ಆರನೆಯ ಸುತ್ತು, ಕೊನೆಯದು. ಮೂರು ಆಟಗಳ ಪಂದ್ಯದಲ್ಲಿ ಒಂದನ್ನು ಅವಳು ಗೆದ್ದಿದ್ದಳು, ಒಂದನ್ನು ಎದುರಿಗೆ ಕುಳಿತ ಗ್ಯಾವಿನ್. ಮೂರನೆಯದು ಇಬ್ಬರ ನಡುವೆ ಕೆಸರಿನಲ್ಲಿ ಹೂತ ಬಂಡಿಯಂತೆ ನಿಂತಿತ್ತು.

"ಅಕ್ಕ, ಆ ಎಲೆಗಳನ್ನ ಒಂದ್ಗಳಿಗೆ ಸುಮ್ನೆ ಇಡ್ತೀಯಾ?" ಎಂದ ಗ್ಯಾವಿನ್. "ಬಾಣಲೇಲಿ ಸಾಸಿವೆ ಸಿಡಿದ ಹಾಗೆ ಸದ್ದು."

"ನಿನ್ನ ಸರದಿ ನೀನು ಆಡು. ನನ್ನ ಕೈ ನೋಡ್ಬೇಡ."

"ಆಡ್ತೀನಿ, ಆಡ್ತೀನಿ. ಬಸ್ಸೇನೂ ತಪ್ಪಿ ಹೋಗಲ್ಲ."

ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ತಿಮಾರುವಿನ ಬೌಲ್ಸ್ ಕ್ಲಬ್ಬಿನ ಸಭಾಂಗಣದಲ್ಲಿ ಅಂದು ಮೂವತ್ತೆಂಟು ಮಂದಿ ಆಡಲು ಬಂದಿದ್ದರು. ಉತ್ತರದವರಿಗೂ ದಕ್ಷಿಣದವರಿಗೂ ಸರಿಸುಮಾರು ಅಷ್ಟೇ ದೂರವೆಂದು ಅರ್ಹತಾ ಪಂದ್ಯಗಳನ್ನು ಪ್ರತಿ ವರ್ಷ ಅಲ್ಲೇ ಇಡುತ್ತಿದ್ದರು. ಮೊದಲ ನಾಲ್ವರಿಗೆ ಜುಲೈ ಕೊನೆಯಲ್ಲಿ ಆಕ್ಲೆಂಡ್‌ನ ರಾಷ್ಟ್ರೀಯ ಪಂದ್ಯ. ಹಿನೆವಾಯ್ ಮೂರು ವರ್ಷ ಒಂದೇ ಸಮನೆ ಐದನೆಯವಳಾಗಿದ್ದಳು. ಡುನೆಡಿನ್‌ನಲ್ಲಿ ನಗರ ಬಸ್ಸು ಓಡಿಸುವ ಹೆಂಗಸು. ಹಾಗಾಗಿ ದಕ್ಷಿಣ ದ್ವೀಪದ ಆಟಗಾರರೆಲ್ಲ ಅವಳನ್ನು 'ಐದನೇ ಗೇರ್' ಎಂದೇ ಕರೆಯುತ್ತಿದ್ದರು. ಮೂರು ಸಲವೂ ಆಕೆ ಡಿಪೋದಲ್ಲಿ ನಾಲ್ಕು ದಿನದ ರಜೆ ಕೇಳಿ, ಮೂರು ಸಲವೂ ಹಿಂದಿರುಗಿಸಿದ್ದಳು. ಈ ಸಲ ಪಾಳಿ ಬರೆಯುವವನು ರಜೆಯನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಇನ್ನೊಂದು ಮಾತನ್ನೂ ಹೇಳಿದ್ದ: ಆಗಸ್ಟಿನಿಂದ ಹೊಸ ಪಾಳಿ, ಶನಿವಾರ, ಭಾನುವಾರ ಎರಡೂ ದಿನ ಅವಳದೇ ಬಸ್ಸು. ಪಂದ್ಯಾವಳಿಗಳು ನಡೆಯುವುದೇ ಶನಿವಾರ, ಭಾನುವಾರ. ಮುಂದಿನ ವರ್ಷವೆಂಬುದು ಅವಳಿಗಿರಲಿಲ್ಲ.

ಅಂಥ ದಿನ, ಅಂಥ ಸುತ್ತಿನಲ್ಲಿ, ಒಂದೇ ಕಾರಿನಲ್ಲಿ ಬಂದವನೇ ಎದುರಾಳಿಯಾದ. ಗ್ಯಾವಿನ್ ಅವಳ ತಂಗಿಯ ಗಂಡ, ಮನೆಗಳಿಗೆ ತಗಡಿನ ಮಾಡು ಹೊದಿಸುವವನು. ಹಿಂದಿನ ವರ್ಷ ಮಾಡಿನಿಂದ ಜಾರಿ ಬಿದ್ದು ಕಾಲು ಮುರಿದುಕೊಂಡು ನಾಲ್ಕು ತಿಂಗಳು ಮನೆಯಲ್ಲಿ ಕುಳಿತಾಗ, "ಇವನನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗೇ, ಇಲ್ದಿದ್ರೆ ಇನ್ನೊಂದು ಕಾಲು ನಾನೇ ಮುರೀತೀನಿ" ಎಂದು ತಂಗಿ ಫೋನು ಮಾಡಿದ್ದಳು. ಹಿನೆವಾಯ್ ತನ್ನ ಹಳೆಯ ಅರವತ್ತೆಲೆಯ ಕಟ್ಟೊಂದನ್ನು ಅವನ ಕೈಗಿಟ್ಟು ಅಂಗಡಿಗೆ ಕರೆತಂದಳು. ಎಲೆ ಕಲಸುವುದರಿಂದ ಹಿಡಿದು ಎಲ್ಲವನ್ನೂ ಅವಳೇ ಕಲಿಸಿದ್ದು. ಗುರುವಾರದ ಆಟಗಳಲ್ಲಿ ಹೊತ್ತು ಮುಗಿದು ಪಂದ್ಯ ಸಮವಾದರೆ ಸೊನ್ನೆಗಿಳಿದರೆ ಸೋಲೆಂಬ ಜೀವಾಂಕವನ್ನು ಎಣಿಸುವ ಇಪ್ಪತ್ತು ಮುಖದ ದಾಳವನ್ನೇ ಉರುಳಿಸಿ, ಹೆಚ್ಚು ಬಿದ್ದವರು ಗೆದ್ದಂತೆ ಎಂಬ ಅಂಗಡಿಯ ವಾಡಿಕೆಯನ್ನು ಶುರುಮಾಡಿದ್ದೂ ಅವಳೇ. ಬೇಗ ಮುಗಿಸಿ ಮನೆಗೆ ಹೋಗಲಿಕ್ಕೆ ಅದೊಂದು ಉಪಾಯ. ಅಂಗಡಿಯೊಳಗೆ ಅದರಿಂದ ಯಾರಿಗೂ ನಷ್ಟವಿರಲಿಲ್ಲ.

ಅರ್ಹತಾ ಪಂದ್ಯದಲ್ಲಿ ಅದೇ ಕೆಲಸ ಮಹಾಪರಾಧ. ಬೆಳಿಗ್ಗೆ ಮುಖ್ಯ ತೀರ್ಪುಗಾರ್ತಿ ಉರ್ಸುಲಾ ಕುರ್ಚಿಯ ಮೇಲೆ ನಿಂತು ಓದಿ ಹೇಳಿದ್ದಳು: ಎದುರಾಳಿಗೆ ಆಟ ಬಿಟ್ಟುಕೊಡಬಹುದು, ಆದರೆ ಅದಕ್ಕೆ ಬದಲಾಗಿ ಏನನ್ನೂ ಕೇಳಕೂಡದು, ಕೊಡಕೂಡದು. ದಾಳ ಉರುಳಿಸಿ, ನಾಣ್ಯ ಚಿಮ್ಮಿ ಗೆದ್ದವರನ್ನು ನಿರ್ಧರಿಸಕೂಡದು. ಹಾಗೆ ಮಾಡೋಣವೆಂದು ಬಾಯಿಬಿಟ್ಟವರೂ ಪಂದ್ಯದಿಂದ ಹೊರಕ್ಕೆ, ಆರು ತಿಂಗಳು ಎಲ್ಲಿಯೂ ಆಡುವಂತಿಲ್ಲ, ಗೆಲುವು ಎದುರಾಳಿಗೆ. ಆ ಹೊತ್ತಿನಲ್ಲಿ ಗ್ಯಾವಿನ್ ಅಡುಗೆಮನೆಯ ಕಿಟಕಿಯ ಮುಂದೆ, ಕ್ಲಬ್ಬಿನ ಹೆಂಗಸರು ಮಾರುತ್ತಿದ್ದ ಚೀಸ್ ರೋಲ್‌ಗಳ ಸಾಲಿನಲ್ಲಿದ್ದ. ಅದೇ ಕಾರಿನಲ್ಲಿ ಬಂದಿದ್ದ ನೋಲಾ ಸೇರಿ ಮೂವರಿಗೂ ತಂದ. ಅವನು ಆ ನಿಯಮವನ್ನು ಕೇಳಿಸಿಕೊಂಡಿಲ್ಲವೆಂಬುದು ಹಿನೆವಾಯ್‌ಗೆ ಹೊಳೆಯಲೇ ಇಲ್ಲ; ಅವಳು ತನ್ನ ಕಟ್ಟನ್ನು ಹದಿನೇಳನೆಯ ಸಲ ಎಣಿಸುತ್ತಿದ್ದಳು.

ಗಂಟೆ ಹೊಡೆಯಿತು. ಹೊತ್ತು ಮುಗಿದ ಮೇಲೆ ಐದು ಸರದಿಗಳು ಮಾತ್ರ. ಉರ್ಸುಲಾ ಬಂದು ಮೇಜಿನ ಪಕ್ಕದಲ್ಲಿ ನಿಂತು ಎಣಿಸತೊಡಗಿದಳು. ಮೊದಲನೆಯ ಸರದಿಯಲ್ಲಿ ಗ್ಯಾವಿನ್ ಏನೂ ಮಾಡಲಾಗದೆ ಎಲೆ ಎಳೆದು ಸುಮ್ಮನಾದ. ಎರಡನೆಯದರಲ್ಲಿ ಹಿನೆವಾಯ್ ಮೇಜಿನ ಮೇಲಿದ್ದ ತನ್ನ ಎಲೆಗಳ ಪಡೆಯನ್ನೆಲ್ಲ ಮುಂದಕ್ಕೆ ತಳ್ಳಿದಳು. ಗ್ಯಾವಿನ್‌ನ ಜೀವಾಂಕ ಹನ್ನೊಂದರಿಂದ ನಾಲ್ಕಕ್ಕೆ ಇಳಿಯಿತು. ಮೂರನೆಯದರಲ್ಲಿ ಅವನು ಗೋಡೆಯಂಥ ಎಲೆಯೊಂದನ್ನು ಅಡ್ಡ ಇಟ್ಟ. ನಾಲ್ಕನೆಯದರಲ್ಲಿ ಅವಳಿಗೆ ಬೇಕಿದ್ದ ಎಲೆ ಬರಲಿಲ್ಲ. ಬಂದದ್ದನ್ನು ನೋಡಿ ಅವಳು ಮೂಗಿನಿಂದ ಒಂದು ಸದ್ದು ಹೊರಡಿಸಿದಳು. ಐದನೆಯದರಲ್ಲಿ ಅವನಿಗೂ ಅವಳನ್ನು ಸೋಲಿಸಲಾಗಲಿಲ್ಲ; ಆಟ ಸಮವಾಗಿಯೇ ನಿಂತಿತು. ಹೊರಗೆ ದಕ್ಷಿಣದ ಗಾಳಿ ಕಿಟಕಿಯ ಗಾಜುಗಳನ್ನು ಅಲುಗಾಡಿಸುತ್ತಿತ್ತು.

"ಐದೂ ಆಯ್ತು," ಎಂದಳು ಉರ್ಸುಲಾ. "ಚೀಟಿ ತುಂಬಿ, ಇಬ್ರೂ ಸಹಿ ಹಾಕಿ ಕೊಡಿ." ಪಕ್ಕದ ಮೇಜಿನಿಂದ ಯಾರೋ ಕರೆದದ್ದಕ್ಕೆ ಅತ್ತ ಎರಡು ಹೆಜ್ಜೆ ಹೋದಳು.

ಗ್ಯಾವಿನ್ ಗೋಡೆಯ ಮೇಲಿನ ಅಂಕಪಟ್ಟಿಯತ್ತ ಕತ್ತು ಹೊರಳಿಸಿದ. "ಸಮ ಅಂತ ಬರೆದ್ರೆ ಇಬ್ರಿಗೂ ಚೊಂಬೇ ಅಲ್ವಾ ಅಕ್ಕ?"

"ಹೂಂ."

"ಒಬ್ರು ಗೆದ್ರೆ ಅವರು ಹೋಗ್ಬಹುದು."

"ಹೂಂ."

"ಅಷ್ಟಕ್ಕೆ ತಲೆ ಯಾಕೆ ಕೆಡಿಸ್ಕೋಬೇಕು?" ಎಂದು ಅವನು ನಾಲ್ಕೆಂದು ತೋರಿಸುತ್ತಿದ್ದ ತನ್ನ ದಾಳವನ್ನು ಎರಡು ಬೆರಳಿನಲ್ಲಿ ಎತ್ತಿಕೊಂಡ. "ಗುರುವಾರ ಮಾಡೋ ಹಾಗೆ—"

ಹಿನೆವಾಯ್ ಮೇಜಿನ ಕೆಳಗಿನಿಂದ ಒದ್ದಳು.

"ಅಯ್ಯೋ, ಯಾಕೆ ಒದೀತೀಯಾ? ಅದು ಮುರಿದ ಕಾಲು ಕಣೇ."

ಉರ್ಸುಲಾ ತಿರುಗಿ ನೋಡಿದಳು. "ಏನಾದ್ರೂ ತೊಂದರೆನಾ?"

"ತೊಂದರೆ ಏನಿಲ್ಲ ಮೇಡಂ, ಒದ್ದಳು ಅಷ್ಟೆ," ಎಂದು ಗ್ಯಾವಿನ್ ನಕ್ಕ. "ಗೆಲ್ಲದೇ ಇದ್ದಾಗೆಲ್ಲ ಒದೀತಾಳೆ. ನೀವೂ ಬನ್ನಿ, ನೋಡಿ. ನಮ್ಮ ಅಂಗಡೀಲಿ ಒಂದು ವಾಡಿಕೆ ಇದೆ. ಸಮ ಆದಾಗ ನಾವೇನ್ ಮಾಡ್ತೀವಿ ಅಂದ್ರೆ..."

ಅವನು ಅದನ್ನು ತೀರ್ಪುಗಾರ್ತಿಗೇ ವಿವರಿಸಲು ಹೊರಟಿದ್ದ. ಮುಖದಲ್ಲಿ ಕಳ್ಳತನದ ಸುಳಿವಿರಲಿಲ್ಲ. ಊರಿಗೆ ಬಂದ ನೆಂಟರಿಗೆ ಹೊಸ ತಿಂಡಿಯ ರುಚಿ ತೋರಿಸುವವನ ಉತ್ಸಾಹವಿತ್ತು. ಉರ್ಸುಲಾ ಮೇಜಿನತ್ತ ಬರುತ್ತಿದ್ದಳು.

ಬೇರೆ ಊರುಗಳಲ್ಲಿ ಹೇಳುವ ಕಥೆಯಲ್ಲಿ ಈ ಗಳಿಗೆ ಬಹಳ ಉದ್ದವಾಗಿದೆ. ನೋಲಾ ಹೇಳಿದಂತೆ ಅದು ಚಹಾದ ಬಟ್ಟಲನ್ನು ಮೇಜಿಗಿಡುವಷ್ಟು ಹೊತ್ತು. ಅಷ್ಟರಲ್ಲಿ ಹಿನೆವಾಯ್‌ಗೆ ಮೂರು ದಾರಿಗಳು ಕಂಡವು. ಬಾಯಿ ಮುಚ್ಚಿಕೊಂಡು ಕುಳಿತರೆ ಸಾಕು. ಇನ್ನು ನಾಲ್ಕು ಮಾತಿನಲ್ಲಿ ಅವನು ತನ್ನನ್ನು ತಾನೇ ಹೊರಹಾಕಿಕೊಳ್ಳುತ್ತಾನೆ, ಗೆಲುವು ಅವಳದಾಗುತ್ತದೆ, ಪೆನ್ಸಿಲಿನ ಗುರುತಿನ ಮೇಲೆ ಶಾಯಿ ಬೀಳುತ್ತದೆ. ಯಾರೂ ಅವಳನ್ನು ಬೊಟ್ಟುಮಾಡಿ ತೋರಿಸಲಾರರು. ಮಾತಾಡಬೇಡ ಎಂದು ಗದರಿದರೆ, ಯಾವ ಮಾತು ಎಂದು ಉರ್ಸುಲಾ ಕೇಳುತ್ತಾಳೆ, ಅವನು ಹೇಳಿಯೇಬಿಡುತ್ತಾನೆ. ಪಂದ್ಯವೇ ಮುಗಿದುಹೋದರೆ ಮಾತ್ರ ಆಮೇಲೆ ಅವನು ಏನು ಹೇಳಿದರೂ ಅದು ಬರಿಯ ಹರಟೆ. ಕುಣಿಯುತ್ತಿದ್ದ ಕಾಲು ಆಗಲೂ ನಿಂತಿರಲಿಲ್ಲ ಎಂದು ಅವಳೇ ನೋಲಾಗೆ ಹೇಳಿದ್ದಳು.

"ಬಿಟ್ಟುಕೊಟ್ಟೆ," ಎಂದಳು. ಅಗತ್ಯಕ್ಕಿಂತ ಗಟ್ಟಿಯಾಗಿ ಬಂತು. ಸುತ್ತಲಿನ ಮೇಜಿನವರು ತಲೆಯೆತ್ತಿದರು. "ಪಂದ್ಯ ಗ್ಯಾವಿನ್‌ದು. ನಾನು ಬಿಟ್ಟುಕೊಟ್ಟೆ." ಹೇಳುತ್ತಲೇ ಚೀಟಿಯನ್ನು ಎಳೆದುಕೊಂಡು ಅಂಕ ಬರೆದು ಸಹಿ ಹಾಕಿದಳು.

ಗ್ಯಾವಿನ್‌ನ ಮುಖ ಕೆಂಪಾಯಿತು. "ನಿನ್ನನ್ನ ಯಾರು ಕೇಳಿದ್ರು?"

"ಸಹಿ ಹಾಕು."

"ಕಾಲು ಮುರಿದವನು, ಪಾಪ, ಅಂತಾನಾ? ನಂಗೆ ನಿನ್ನ ಭಿಕ್ಷೆ ಬೇಡ."

"ಗ್ಯಾವಿನ್, ಸಹಿ ಹಾಕು."

"ನೀನು ಮೂರು ವರ್ಷದಿಂದ—"

"ಹಾಕೋ ಸಾಕು."

ಅವನು ಹಾಕಿದ, ಕಾಗದ ಹರಿಯುವಷ್ಟು ಒತ್ತಿ. ಉರ್ಸುಲಾ ಚೀಟಿ ತೆಗೆದುಕೊಂಡಳು. ಅವಳ ಕಣ್ಣು ಅವನ ಬೆರಳುಗಳ ನಡುವಿನ ದಾಳದ ಮೇಲೆ ಸ್ವಲ್ಪ ಹೊತ್ತು, ಹಿನೆವಾಯ್‌ಳ ಮೇಲೆ ಇನ್ನೂ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮುಂದಿನ ಮೇಜಿಗೆ ನಡೆದಳು.

ಹಿನೆವಾಯ್ ಹೊರಗೆ ಹೋಗಿ ಬೌಲ್ಸ್ ಆಡುವ ಹುಲ್ಲಿನ ಅಂಗಳವನ್ನು ಸುತ್ತತೊಡಗಿದಳು. ಗಾಳಿಗೆ ಜಾಕೆಟ್ಟು ಬೆನ್ನಿಗೆ ಅಂಟಿಕೊಂಡಿತ್ತು. ನಾಲ್ಕು ಸುತ್ತು ಮುಗಿಸಿ ಒಳಗೆ ಬಂದಾಗ ಪಟ್ಟಿ ಅಂಟಿಸಿದ್ದರು: ಗ್ಯಾವಿನ್ ನಾಲ್ಕನೆಯವನು. ಅವಳಿಗೆ ಈ ಸಲ ಐದನೆಯ ಜಾಗವೂ ಇಲ್ಲ, ಏಳು. "ಗೇರ್ ಬಾಕ್ಸೇ ಕಳಚಿಬಿತ್ತಲ್ಲೇ," ಎಂದ ಕ್ರೈಸ್ಟ್‌ಚರ್ಚ್‌ನವನೊಬ್ಬ. ಅವಳು ನಗುವುದಕ್ಕೆ ಪ್ರಯತ್ನಿಸಿದಳು.

ಕಾರು ಗ್ಯಾವಿನ್‌ನದು. ಓಮರುವಿನವರೆಗೆ ಅವನು ಗೇರನ್ನು ಕುಟ್ಟಿ ಕುಟ್ಟಿ ಹಾಕುತ್ತ ಓಡಿಸಿದ. ಪೆಟ್ರೋಲಿಗೆ ನಿಲ್ಲಿಸಿ ಅವನು ಒಳಗೆ ಹೋದಾಗ, ಹಿಂದಿನ ಸೀಟಿನಲ್ಲಿದ್ದ ನೋಲಾ ಮುಂದಕ್ಕೆ ಬಾಗಿದರು.

"ನಾನು ಹೇಳಿಬಿಡ್ತೀನಿ ಅವನಿಗೆ. ನಿನ್ನ ಮೇಲೆ ಸಿಟ್ಟು ಇಟ್ಕೊಂಡು ಗಾಡಿ ಓಡಿಸ್ತಿದ್ದಾನೆ."

"ಬೇಡ ನೋಲಾ. ಈಗ ಹೇಳಿದ್ರೆ ಗಾಡಿ ತಿರುಗಿಸ್ಕೊಂಡು ಹೋಗಿ, ಸಹಿ ಅಳಿಸಿ ಅಂತ ಉರ್ಸುಲಾ ಮುಂದೆ ನಿಲ್ತಾನೆ. ಎಲ್ಲಾ ಅಲ್ಲೇ ಒದರ್ತಾನೆ."

"ಮತ್ತೆ ಆಕ್ಲೆಂಡ್‌ನಲ್ಲೂ ಹೀಗೇ ಮಾಡಿದ್ರೆ?"

"ನಿಯಮದ ಪುಸ್ತಕ ಇದ್ಯಲ್ಲ ನಿಮ್ಮ ಹತ್ರ, ಅದನ್ನ ಅವನಿಗೆ ಕೊಡಿ. ನಾನು ಕೊಟ್ರೆ ಓದಲ್ಲ."

ಅವನು ತಿನ್ನಲು ಮೂರು ಬಿಸಿ ಪೈಗಳನ್ನು ಹಿಡಿದು ಬಂದ. ಹಿನೆವಾಯ್‌ಳದನ್ನು ಅವಳ ಮಡಿಲಿಗೆ ಎಸೆದಂತೆ ಇಟ್ಟ. ಅವಳಿಗೆ ಇಷ್ಟವೆಂದು ಅಣಬೆಯದನ್ನೇ ತಂದಿದ್ದ.

ಮೂರು ವಾರ ಅವರಿಬ್ಬರೂ ಮಾತಾಡಲಿಲ್ಲ. ಗುರುವಾರ ಅಂಗಡಿಗೆ ಅವಳು ಬಂದರೆ ಅವನಿಲ್ಲ, ಅವನು ಬಂದರೆ ಅವಳಿಲ್ಲ. ತಂಗಿ ಫೋನಿನಲ್ಲಿ ಇಬ್ಬರನ್ನೂ ಬೈದಳು. ಡಿಪೋದಲ್ಲಿ ಹಿನೆವಾಯ್ ರಜೆಯನ್ನು ಹಿಂದಿರುಗಿಸಿದಳು. ಪಾಳಿ ಬರೆಯುವವನು ರಬ್ಬರು ತೆಗೆದುಕೊಂಡ.

ಜುಲೈ ಮೊದಲ ಮಂಗಳವಾರ, ಹತ್ತು ಗಂಟೆಯ ಬಿಸಿಲಿಗೆ ಅವಳು ಹಿತ್ತಲಿನಲ್ಲಿ ಒದ್ದೆ ಹಾಸುಗಳನ್ನು ಹರವುತ್ತಿದ್ದಾಗ ಗೇಟಿನ ಬಳಿ ಅವನ ವ್ಯಾನು ನಿಂತಿತು. ಗ್ಯಾವಿನ್ ಕುಂಟುತ್ತ ಬಂದ. ಜೇಬಿನಿಂದ ನೋಲಾ ಕೊಟ್ಟ ನಿಯಮದ ಪುಸ್ತಕದ ಮೂಲೆ ಹೊರಗೆ ಕಾಣುತ್ತಿತ್ತು. ಬಂದವನು ಹಗ್ಗದ ಆಚೆ ನಿಂತೇ ಇದ್ದ.

"ಒಳಗೆ ಹೋಗು. ಟೀ ಇದೆ," ಎಂದಳು ಅವಳು.

ಅವನು ಹೋಗಲಿಲ್ಲ. ಬುಟ್ಟಿಯಿಂದ ನಾಲ್ಕು ಕ್ಲಿಪ್ಪುಗಳನ್ನು ತೆಗೆದು, ಎರಡನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ದೊಡ್ಡ ಹಾಸಿನ ಇನ್ನೊಂದು ತುದಿಯನ್ನು ಹಿಡಿದ. ಗಾಳಿ ಹಾಸನ್ನು ಹಾಯಿಪಟದಂತೆ ಉಬ್ಬಿಸಿತು. ಇಬ್ಬರೂ ಅದನ್ನು ಕೆಳಕ್ಕೆಳೆದು ಹಗ್ಗಕ್ಕೆ ಸಿಕ್ಕಿಸುವಷ್ಟರಲ್ಲಿ ಅದು ಎರಡು ಸಲ ಅವರ ಕೈ ತಪ್ಪಿಸಿಕೊಂಡಿತು.

ನೋಲಾ ಕಥೆಯನ್ನು ಅಲ್ಲಿಗೆ ನಿಲ್ಲಿಸಿ ತಣ್ಣಗಾದ ಚಹಾ ಕುಡಿದರು.

"ಆಕ್ಲೆಂಡ್‌ನಲ್ಲಿ ಏನು ಮಾಡ್ದ?" ಎಂದು ಬಾಗಿಲ ಬಳಿ ಕುಳಿತಿದ್ದವನು ಕೇಳಿದ.

"ನಲವತ್ತೊಂದನೇ ಜಾಗ."

ಎಲ್ಲರೂ ನಕ್ಕರು.

"ಅವಳು ಈಗ ಬರೋದೇ ಇಲ್ವಾ?"

"ಇವತ್ತು ಭಾನುವಾರ ಅಲ್ವೇನೋ?" ಎಂದರು ನೋಲಾ. "ಬಸ್ಸಲ್ಲಿರ್ತಾಳೆ."

ಅಂಗಡಿಯವನು ಮುಂದಿನ ಕೋಣೆಯ ದೀಪ ಆರಿಸಿದ. ಕೇಳುತ್ತಿದ್ದವರು ಎದ್ದು, ಕಟ್ಟುಗಳನ್ನು ಡಬ್ಬಿಗೆ ಹಾಕಿಕೊಂಡು, ಕೋಟಿನ ತೋಳುಗಳನ್ನು ಹುಡುಕಿಕೊಂಡರು. ಒಬ್ಬ ಕುರ್ಚಿಗಳನ್ನು ಮೇಜಿನ ಕೆಳಗೆ ತಳ್ಳಿದ. ಗಾಳಿಗೆ ಬಡಿದುಕೊಳ್ಳುತ್ತಿದ್ದ ಬಾಗಿಲನ್ನು ಇನ್ನೊಬ್ಬ ಹಿಡಿದುಕೊಂಡು ನಿಂತ. ಅವರು ಒಬ್ಬೊಬ್ಬರಾಗಿ ಹೊರಬಿದ್ದು, ಇಳಿಜಾರಿನ ಬೀದಿಯಲ್ಲಿ ತಮ್ಮ ತಮ್ಮ ಮನೆಗಳ ಕಡೆ ನಡೆದರು.