ಒರೆಸದೆ ಬಿಟ್ಟ ಗೋಡೆ

"ಬೂಷ್ಟು ಗೋಡೆಗೆ ಬಂದಿಲ್ಲ ಕಣ್ರೇ, ನೀವೇ ಬೂಷ್ಟು! ಹೋದ ಹೋದ ಕಡೆಯೆಲ್ಲ ಮೆತ್ಕೊಂಡು ಬೆಳೀತೀರ. ಒಂದೇ ರೂಮಲ್ಲಿ ಅಡುಗೆ ಮಾಡೋದು, ಅಲ್ಲೇ ಮೈ ತೊಳ್ಕೊಳ್ಳೋದು, ಅಲ್ಲೇ ಒದ್ದೆ ಬಟ್ಟೆ ಹರವೋದು, ಅಲ್ಲೇ ಹೆರೋದು. ಗೋಡೆಗೆ ಬೂಷ್ಟು ಬರದೆ ಇನ್ನೇನು ಹೂವು ಬಿಡತ್ತಾ?"

ಮ್ಯಾನೇಜರ್ ಇದನ್ನು ಹೇಳಿದ್ದು ಪೀಪಿಯಮ್ಮನಿಗೆ. ಆದರೆ ಕೇಳಿಸಬೇಕಾಗಿದ್ದು ಲಾಂಡ್ರಿಯ ಉಳಿದ ಹನ್ನೊಂದು ಹೆಂಗಸರಿಗೆ. ಪೀಪಿಯಮ್ಮನ ಎರಡೂ ಕೈ ಮೊಣಕೈವರೆಗೆ ಬಿಸಿ ಸೋಡಾ ನೀರಿನಲ್ಲಿದ್ದವು. ತೊಟ್ಟಿಯಲ್ಲಿದ್ದದ್ದು ಆಸ್ಪತ್ರೆಯ ಚಾದರಗಳು. ಊರ ದೊಡ್ಡಾಸ್ಪತ್ರೆಯ ಚಾದರಗಳೆಲ್ಲ ಇಲ್ಲಿಗೇ ಬರುವುದು. ರಕ್ತ, ಕೀವು, ವಾಂತಿ, ಬಾಯಲ್ಲಿ ಹೇಳಬಾರದ್ದನ್ನೆಲ್ಲ ಹೊತ್ತುಕೊಂಡು ಬಂದು, ಹಾಲಿನಂತೆ ಬೆಳ್ಳಗಾಗಿ ವಾಪಸು ಹೋಗುವುದು.

"ನನ್ನ ರೂಮಲ್ಲಿ ಇರೋದೇ ಮೂರು ಜನ ಸಾರ್," ಎಂದಳು. "ಗೋಡೆ ಆಚೆಗಿರೋದು ನಿಮ್ಮ ಬಾಯ್ಲರು. ಹಬೆ ಪೈಪು ಸೋರ್ತಾ ಇದೆ. ರಿಪೇರಿ ಮಾಡಿಸಿ ಅಂತ ಎರಡು ವರ್ಷದಿಂದ ಬಾಯಿ ಬಡ್ಕೋತಾ ಇದೀನಿ."

"ಓಹೋ, ಇಂಜಿನಿಯರಮ್ಮ! ಮುಚ್ಕೊಂಡು ಒಗಿಯೇ."

ಅವನು ಅತ್ತ ಹೋದದ್ದೇ ತಡ, ಇಸ್ತ್ರಿ ಅಜ್ಜಿ ಕೆಮ್ಮು ನಿಲ್ಲಿಸಿ, "ಬೋಳಿಮಗ, ಇವನ ನಾಲಿಗೆಗೆ ಬರ್ಲಿ ಬೂಷ್ಟು," ಎಂದಳು. ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಲಾಂಡ್ರಿಯವರೇ ಕೊಟ್ಟಿದ್ದ ಅವರೆಲ್ಲರ ರೂಮುಗಳೂ ಅದೇ ಸಾಲಿನಲ್ಲಿ, ಅದೇ ಬಾಯ್ಲರಿನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದವು. ಅರ್ಜಿ ಬರೆಯೋಣ ಬನ್ನಿ ಎಂದು ಪೀಪಿಯಮ್ಮ ಕರೆದಾಗ ಮಾತ್ರ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಗಿತ್ತು. ಅವಳು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಗುರುವಾರ ಬರಲಿ, ಆಮೇಲೆ ಎಲ್ಲರದ್ದೂ ಸರಿಹೋಗುತ್ತೆ ಅಂದುಕೊಂಡು ಚಾದರ ಹಿಂಡಿದಳು.

ಮಗಳಿಗೆ ಪೀಪಿ ಎಂದು ಹೆಸರಿಟ್ಟವನು ಅಪ್ಪನೇ. ಮೂರು ವರ್ಷದವಳಿದ್ದಾಗ ಒಂದು ಸಂಜೆ ಅವಳ ಎದೆಯೊಳಗಿಂದ ಸಣ್ಣಗೆ ಪೀ ಎಂದು ಸದ್ದು ಬಂತು. "ಲೇ, ನಿನ್ನ ಮಗಳು ಪೀಪಿ ನುಂಗಿದಾಳೆ ನೋಡೇ!" ಎಂದು ಅವಳೆದೆಗೆ ಕಿವಿಯಿಟ್ಟು ಬಿದ್ದು ಬಿದ್ದು ನಕ್ಕ. ಇವಳೂ ನಕ್ಕಳು. ಯಾರಿಗೆ ಗೊತ್ತಿತ್ತು ಹೇಳಿ? ಈಗ ಹುಡುಗಿಗೆ ಏಳು. ನಲ್ಲಿಯವರೆಗೆ ಹೋಗಿ ಬರಬೇಕೆಂದರೆ ಎರಡು ಕಡೆ ಕೂರುತ್ತಾಳೆ. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ತಲೆದಿಂಬು ಒರಗಿಕೊಂಡು ಕೂತೇ ನಿದ್ದೆ ಮಾಡುತ್ತಾಳೆ.

ಕೊಟ್ಟ ಔಷಧಿಗೆಲ್ಲ ಆ ಸದ್ದು ನಾಲ್ಕು ದಿನ ಸುಮ್ಮನಿದ್ದು ಐದನೇ ದಿನ ಮತ್ತೆ ಶುರು. ಕೊನೆಗೆ ಆಸ್ಪತ್ರೆಯಲ್ಲಿ ಒಬ್ಬಳು ಡಾಕ್ಟರು, ಯಾರೂ ಕೇಳದ ಒಂದು ಪ್ರಶ್ನೆ ಕೇಳಿದಳು.

"ಮನೆ ಗೋಡೆ ಹೇಗಿದೆಯಮ್ಮ?"

ಪೀಪಿಯಮ್ಮ ಹೇಳಿದಳು. ನೆಲದಿಂದ ಎದೆಯೆತ್ತರಕ್ಕೆ ಕಪ್ಪು. ಮೂಲೆಯಲ್ಲಿ ಹಸಿರು. ಮುಟ್ಟಿದರೆ ಬೆಕ್ಕಿನ ಮೈಯಂತೆ ಮೆತ್ತಗೆ. ಚಾಪೆಯ ಅಡಿ, ಮಗಳ ಸ್ಕೂಲ್ ಬ್ಯಾಗಿನ ಪಟ್ಟಿ, ಮಡಿಸಿಟ್ಟ ಸೀರೆ, ಎಲ್ಲದಕ್ಕೂ ಅದೇ ವಾಸನೆ.

"ಆ ಗೋಡೆ ಪಕ್ಕ ಮಲಗಿಸ್ಕೊಂಡು ನೀನು ಎಷ್ಟು ಔಷಧಿ ಹಾಕಿದರೂ ಅಷ್ಟೇ," ಎಂದ ಡಾಕ್ಟರು, ಆರೋಗ್ಯ ಕಚೇರಿಗೆ ಒಂದು ಚೀಟಿ ಬರೆದುಕೊಟ್ಟಳು. "ಒಣಗಿದ ರೂಮಿಗೆ ಹೋಗಬೇಕು. ಇವಳ ಶ್ವಾಸಕೋಶ ಇನ್ನೊಂದು ವರ್ಷ ಇದನ್ನ ತಡೆಯಲ್ಲ."

ಒಣಗಿದ ರೂಮು ಇತ್ತು. ಲಾಂಡ್ರಿಯ ಮಹಡಿ ಮೇಲೆ, ಬೀದಿ ಕಡೆಗೆ ಕಿಟಕಿ ಇದ್ದದ್ದು, ವರ್ಷದಿಂದ ಬೀಗ ಹಾಕಿಕೊಂಡು ಬಿದ್ದಿತ್ತು. ಅಧಿಕಾರಿ ಬಂದು ನೋಡಿ, ಈ ಗೋಡೆ ವಾಸಕ್ಕೆ ಯೋಗ್ಯವಲ್ಲ ಎಂದು ಬರೆದರೆ ಲಾಂಡ್ರಿಯ ಧಣಿ ಅದನ್ನು ಕೊಡಲೇಬೇಕಂತೆ. ಮೂರು ಸಲ ಕಚೇರಿಗೆ ಅಲೆದ ಮೇಲೆ ಗುಮಾಸ್ತ ಒಂದು ಗುರುವಾರ ಗೊತ್ತು ಮಾಡಿ, ದನಿ ತಗ್ಗಿಸಿ ಹೇಳಿದ್ದ: "ಅಲ್ಲಿವರೆಗೆ ಗೋಡೆ ಒರೆಸಬೇಡ. ಸಾಹೇಬರ ಕಣ್ಣಿಗೆ ಬೀಳಬೇಕು. ಒರೆಸಿಟ್ಟೆಯೋ, ನಿನ್ನ ಅರ್ಜಿ ಬುಟ್ಟಿಗೆ ಬೀಳತ್ತೆ."

ಅವಳು ಪ್ರತಿ ಭಾನುವಾರ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಗೋಡೆ ಒರೆಸುತ್ತಿದ್ದವಳು. ಬಿಟ್ಟುಬಿಟ್ಟಳು. ಮೂರು ಭಾನುವಾರ.

ಮೊದಲ ವಾರ ಕಪ್ಪು ತಲೆಯೆತ್ತರಕ್ಕೆ ಹತ್ತಿತು. ಎರಡನೇ ವಾರ ಪೀಪಿ ಸ್ಕೂಲು ಬಿಟ್ಟಳು. ಮೂರನೇ ವಾರ ಒಂದು ಬೆಳಿಗ್ಗೆ ಮಗಳ ತುಟಿ ನೋಡಿದರೆ ಶಾಯಿ ಕುಡಿದವಳ ಹಾಗಿತ್ತು. ಪೀಪಿಯಮ್ಮ ಬಟ್ಟೆ ಅದ್ದಿ ಗೋಡೆಯವರೆಗೆ ಹೋಗಿ, ಅಲ್ಲೇ ನಿಂತು, ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. "ಇನ್ನು ನಾಲ್ಕೇ ದಿನ ಕಣೆ ನನ್ನವ್ವ. ತಡ್ಕೋ," ಎಂದು ಮಗಳ ಬೆನ್ನು ನೀವಿದಳು.

"ನೀನು ತಾಯಿಯೋ ರಾಕ್ಷಸಿಯೋ?" ಎಂದ ಗಂಡ.

"ಗುರುವಾರ ಹನ್ನೊಂದು ಗಂಟೆಗೆ ಆಫೀಸರು ಬರ್ತಾರೆ. ಅವರು ನೋಡ್ಲಿ ಅಂತ. ಯಾರಿಗೂ ಬಾಯಿ ಬಿಡಬೇಡ, ನಿನ್ನ ಕಾಲಿಗೆ ಬೀಳ್ತೀನಿ."

ಗುಟ್ಟನ್ನು ಅವಳು ಹೇಳಿದ್ದು ಅವನೊಬ್ಬನಿಗೇ. ಹೇಳದೆ ಇನ್ಯಾರಿಗೆ ಹೇಳಬೇಕಿತ್ತು? ಕಟ್ಟಿಕೊಂಡವನು. ಕುಡಿಯುವವನಲ್ಲ, ಹೊಡೆಯುವವನಲ್ಲ. ಬಣ್ಣ ಬಳಿಯುವವನು, ಬೇರೆಯವರ ಮನೆಗಳಲ್ಲಿ ಬೀರು ಸರಿಸಿ ಅದರ ಹಿಂದೆಯೂ ನೀಟಾಗಿ ಬಳಿದು ಬರುವವನು. "ಹಳೇದನ್ನ ಕೆರೆಯದೆ ಮೇಲೆ ಬಳಿದ್ರೆ ಅದು ಮೋಸ ಕಣೇ, ಆರು ತಿಂಗಳಿಗೆ ಬಾಯಿ ಬಿಡತ್ತೆ," ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವನು. ಗುರುವಾರ ಬೆಳಿಗ್ಗೆ, "ನೀನು ಕೆಲಸಕ್ಕೆ ಹೋಗು, ಮಗೂನ ನಾನು ನೋಡ್ಕೋತೀನಿ," ಎಂದಾಗ ಅವಳಿಗೆ ಎಷ್ಟು ಸಮಾಧಾನವಾಗಿತ್ತು!

ಹನ್ನೊಂದಕ್ಕೆ ಸರಿಯಾಗಿ ಜೀಪು ಬಂತು. ಪೀಪಿಯಮ್ಮ ಕೈ ಒರೆಸಿಕೊಳ್ಳದೆ ಓಡಿದಳು. ಅಧಿಕಾರಿಯ ಪಕ್ಕದಲ್ಲಿ ಮ್ಯಾನೇಜರ್ ಆಗಲೇ ಹಲ್ಲು ಕಿರಿಯುತ್ತ ನಡೆದು ಬರುತ್ತಿದ್ದ. ಇವನಿಗೆ ಹೇಗೆ ಗೊತ್ತಾಯಿತು ಎಂದು ಒಂದು ಕ್ಷಣ ಅನ್ನಿಸಿತು, ಅಷ್ಟೇ. "ಐದನೇ ನಂಬರು, ಬನ್ನಿ ಸಾರ್," ಎಂದು ಬಾಗಿಲು ತಳ್ಳಿದಳು.

ಗೋಡೆ ಬೆಳ್ಳಗಿತ್ತು.

ನೆಲದಿಂದ ಸೂರಿನವರೆಗೆ, ಮೂಲೆ ಮೂಲೆಯೂ ಬಿಡದೆ, ಹೊಸ ಬಿಳಿ. ಬಣ್ಣದ ಘಾಟು ಮುಖಕ್ಕೆ ಹೊಡೆಯಿತು. ಹೊಸ್ತಿಲ ಪಕ್ಕ ಪೀಪಿ ಮಂಡಿ ಮೇಲೆ ಕೈಯೂರಿ, ಭುಜ ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದಳು. ಅಂಗಳದ ನಲ್ಲಿಯ ಹತ್ತಿರ ಗಂಡ ಬ್ರಷ್ ತೊಳೆಯುತ್ತಿದ್ದ. ತಿರುಗಿ ನೋಡಲಿಲ್ಲ.

"ಎಲ್ಲಿದೆಯಮ್ಮಾ ನೀನು ಬರೆದಿದ್ದು?" ಅಧಿಕಾರಿ ಕೈಯಲ್ಲಿದ್ದ ಕಾಗದ ನೋಡಿದ.

"ಕೆಳಗಿದೆ ಸಾರ್. ಬಣ್ಣದ ಕೆಳಗಿದೆ. ಉಗುರಲ್ಲಿ ಕೆರೆದು ನೋಡಿ, ಅಲ್ಲೇ ಸಿಗತ್ತೆ."

"ನೋಡಿದ್ದನ್ನ ನಾನು ಬರೀಬಹುದು. ನೋಡದೇ ಇರೋದನ್ನ ಬರೆಯಕ್ಕಾಗಲ್ಲ. ಗೋಡೆ ಕೆರೆಯೋದು ನನ್ನ ಕೆಲಸ ಅಲ್ಲ."

"ಪಕ್ಕದ ರೂಮು ನೋಡಿ ಹಾಗಾದ್ರೆ! ಅಜ್ಜಿದು ನೋಡಿ, ಸಾಲು ಪೂರ್ತಿ ನೋಡಿ!"

"ಅರ್ಜಿಯಲ್ಲಿರೋದು ಐದನೇ ನಂಬರ್ ಮಾತ್ರ."

"ಕೇಳೋಕೆ ಮುಂಚೇನೇ ಬಣ್ಣ ಹೊಡೆಸಿಕೊಟ್ಟಿದೀವಿ ಸಾರ್," ಎಂದ ಮ್ಯಾನೇಜರ್. "ಆದ್ರೂ ಈ ಜನಕ್ಕೆ ತೃಪ್ತಿ ಇಲ್ಲ. ಬನ್ನಿ, ಟೀ ಕುಡಿದು ಹೋಗಿ."

ಅವರಿಬ್ಬರೂ ಆಫೀಸಿನ ಕಡೆ ಹೊರಟರು. ಪೀಪಿಯಮ್ಮ ಗಂಡನ ಮುಂದೆ ಹೋಗಿ ನಿಂತಳು.

"ಕೆರೆದೆಯಾ?"

ಅವನು ಬ್ರಷ್ಷನ್ನು ಮತ್ತೆ ನಲ್ಲಿಯಡಿ ಹಿಡಿದ.

"ಬಳಿಯೋಕೆ ಮುಂಚೆ ಕೆರೆದೆಯೇನೋ, ಮುಂಡೇದೆ?"

"ಟೈಮಿರ್ಲಿಲ್ಲ," ಎಂದ. ಆಮೇಲೆ ಒಂದೇ ಉಸಿರಿಗೆ, "ಮ್ಯಾನೇಜರ ಹತ್ರ ಹೋಗಿದ್ದೆ, ಮೇಲಿನ ರೂಮು ಕೊಡ್ತೀನಿ ಅಂದಿದಾರೆ ಕಣೇ. ಕಿಟಕಿ ಇರೋದು. ಆಫೀಸರ ಮುಂದೆ ಮರ್ಯಾದೆ ಉಳಿಸು, ನಾಳೇನೇ ಬೀಗದ ಕೈ ಅಂದ್ರು. ನೀನು ಕೇಳಿದ್ದೂ ಅದೇ ತಾನೆ? ಮಗು ತುಟಿ ನೋಡಕ್ಕಾಗ್ಲಿಲ್ಲ ನನಗೆ. ನೀನು ಒರೆಸೋದೂ ಇಲ್ಲ, ಒರೆಸಕ್ಕೆ ಬಿಡೋದೂ ಇಲ್ಲ..."

ಅಷ್ಟರಲ್ಲಿ ಮ್ಯಾನೇಜರ್ ಏನೋ ನೆನಪಾದವನಂತೆ ಒಬ್ಬನೇ ವಾಪಸು ಬಂದ. "ಶನಿವಾರದೊಳಗೆ ರೂಮು ಖಾಲಿ ಮಾಡಿ. ಕಚೇರಿಗೆ ಅರ್ಜಿ ಬರೆಯೋರಿಗೆ ಇಲ್ಲಿ ಜಾಗ ಇಲ್ಲ."

"ಸಾರ್," ಗಂಡನ ಕೈಯಿಂದ ಬ್ರಷ್ ಜಾರಿತು. "ಮೇಲಿನ ರೂಮು ಅಂದಿದ್ರಿ..."

"ಯಾವ ರೂಮಯ್ಯಾ?"

ಅಷ್ಟು ಹೇಳಿ ಅವನು ಹೋದ. ಗಂಡ ನಲ್ಲಿಯ ಕಟ್ಟೆ ಮೇಲೆ ಕುಸಿದು ಕೂತ. ಪೀಪಿಯಮ್ಮನಿಗೆ ಅವನನ್ನು ನೋಡಿ ಅಯ್ಯೋ ಅನ್ನಿಸಲಿಲ್ಲ. ಮೂರು ವಾರ ಮಗಳ ಉಸಿರನ್ನು ಒತ್ತೆಯಿಟ್ಟು ಕಾದಿದ್ದಳು. ಆ ಮೂರು ವಾರವನ್ನು ಇವನು ಒಂದು ಬೆಳಿಗ್ಗೆಯಲ್ಲಿ ಬಳಿದು ಮುಗಿಸಿದ್ದ.

ಅವಳು ಅವನ ಚೀಲದಿಂದ ಕೆರೆಯುವ ತಗಡನ್ನು ಎಳೆದುಕೊಂಡಳು. ಅವನು ಎದ್ದು, "ಕೊಡು, ನಾನು ಕೆರೀತೀನಿ," ಎಂದು ಕೈ ಚಾಚಿದ.

"ಮುಟ್ಟಬೇಡ. ಮಗೂನ ಎತ್ಕೊಂಡು ಗಾಳಿ ಇರೋ ಕಡೆ ಹೋಗು. ಅಷ್ಟಾದ್ರೂ ಮಾಡು."

ಅಂಗಳದಲ್ಲಿ ತಂತಿಯುದ್ದಕ್ಕೂ ಆಸ್ಪತ್ರೆಯ ಚಾದರಗಳು ಒಣಗುತ್ತಿದ್ದವು. ಬೆಳಿಗ್ಗೆ ತಾನೇ ಒಗೆದು ಹಾಕಿದ್ದ ಒಂದನ್ನು ಸರಕ್ಕನೆ ಎಳೆದುಕೊಂಡು ರೂಮಿಗೆ ಹೋದಳು. ತಗಡು ತಗುಲಿಸಿದ್ದೇ ತಡ, ಹಸಿ ಗೋಡೆಯ ಮೇಲಿನ ಹಸಿ ಬಣ್ಣ ಕೆನೆ ಜಾರಿದಂತೆ ಜಾರಿತು. ಅದರ ಹಿಂದೆ ಮೂರು ವಾರದ್ದು ಇದ್ದ ಹಾಗೇ ಇತ್ತು. ಚಾದರವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು, ಮೇಲಿನಿಂದ ಕೆಳಗೆ ಒರೆಸಿದಳು. ಮೂರು ಭಾನುವಾರ ತಡೆದಿಟ್ಟುಕೊಂಡಿದ್ದನ್ನೆಲ್ಲ ಒರೆಸಿದಳು. ಕೆಮ್ಮು ಒತ್ತರಿಸಿ ಬಂತು, ನಿಲ್ಲಿಸಲಿಲ್ಲ.

ಅಧಿಕಾರಿ ಟೀ ಕುಡಿದು ಜೀಪಿನ ಕಡೆ ಹೊರಟಾಗ, ದಾರಿಗೆ ಅಡ್ಡಲಾಗಿ ಆ ಚಾದರ ನೇತಾಡುತ್ತಿತ್ತು. ಉಳಿದವೆಲ್ಲ ಬೆಳ್ಳಗೆ, ಅದೊಂದು ಕರ್ರಗೆ. ಅವನು ಬಾಗಿ ನುಸುಳಲು ನೋಡಿದ. ಪೀಪಿಯಮ್ಮ ಅದರ ಎರಡು ತುದಿ ಹಿಡಿದು ಅವನ ಮುಖದೆದುರಿಗೆ ಬಿಡಿಸಿದಳು.

"ನೋಡದೇ ಇರೋದನ್ನ ಬರೆಯಲ್ಲ ಅಂದ್ರಲ್ಲ ಸಾರ್. ಈಗ ನೋಡಿದ್ರಲ್ಲ, ಬರೀರಿ."

"ಆಸ್ಪತ್ರೆ ಚಾದರ ಕಣೇ ಅದು, ಲೌಡಿ! ಲಾರಿ ಬರೋ ಹೊತ್ತು!" ಮ್ಯಾನೇಜರ್ ಓಡಿ ಬಂದು ಚಾದರಕ್ಕೆ ಕೈ ಹಾಕಿದ. ಕೈಯೆಲ್ಲ ಕಪ್ಪು ಮೆತ್ತಿತು. ಬಿಟ್ಟು ಪ್ಯಾಂಟಿಗೆ ಒರೆಸಿಕೊಂಡ.

ಆಗ ಇಸ್ತ್ರಿ ಅಜ್ಜಿ ತಂತಿಯಿಂದ ಇನ್ನೊಂದು ಚಾದರ ಎಳೆದು, ಕೆಮ್ಮುತ್ತ ತನ್ನ ರೂಮಿಗೆ ಹೋದಳು. ಅವಳ ಗೋಡೆಗೆ ಯಾರೂ ಬಣ್ಣ ಬಳಿದಿರಲಿಲ್ಲ. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಇಬ್ಬರು. ಕರೆದಾಗ ಬಾರದವರು ಈಗ ಕರೆಯದೆ ಬಂದಿದ್ದರು. ಹಿಂಡುವ ಯಂತ್ರವನ್ನು ಯಾವಳೋ ನಿಲ್ಲಿಸಿಯೇ ಬಂದಿದ್ದಳು. ಹಗಲೆಲ್ಲ ಗರಗರ ಅನ್ನುತ್ತಿದ್ದ ಅಂಗಳ ಒಮ್ಮೆಲೇ ಸದ್ದಡಗಿತು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಮ್ಯಾನೇಜರನ ಮುಖ ನೋಡಿದ.

ಆ ಮೌನದಲ್ಲಿ ಗೇಟಿನ ಕಡೆಯಿಂದ ಸಣ್ಣಗೆ, ತಡೆತಡೆದು, ಪೀ ಎಂದು ಒಂದು ಸೀಟಿ ಕೇಳಿಸಿತು.

"ಯಾವಳೇ ಅದು ಸೀಟಿ ಊದ್ತಿರೋಳು?" ಮ್ಯಾನೇಜರ್ ಸುತ್ತಲೂ ತಿರುಗಿ ಕಿರುಚಿದ. "ತಮಾಷೇನಾ ನಿಮಗೆ? ನಿಲ್ಲಿಸ್ರೇ!"

ಹೆಂಗಸರೆಲ್ಲ ಗೇಟಿನ ಕಡೆ ತಿರುಗಿದರು. ಅಲ್ಲಿ ಪೀಪಿಯ ಅಪ್ಪ ಮಗಳನ್ನು ಹೆಗಲಿಗೆ ಒರಗಿಸಿಕೊಂಡು ನಿಂತಿದ್ದ. ಮಗುವಿನ ಎದೆಯ ಸೀಟಿ ನಿಂತಿತು. ಪೀಪಿಯಮ್ಮ ಚಾದರ ಬಿಟ್ಟು ಅತ್ತ ಓಡಿದಳು.