ಹೋದ ವರ್ಷದ ಐದು ನಕ್ಷತ್ರ

ಫ್ರಿಜ್ಜಿನ ಬಾಗಿಲಿಗೆ ನಕ್ಷತ್ರದ ಚೀಟಿ ಅಂಟಿಸಿರುತ್ತಾರಲ್ಲ, ನಕ್ಷತ್ರ ಹೆಚ್ಚಿದ್ದಷ್ಟೂ ಕರೆಂಟು ಕಡಿಮೆ ತಿನ್ನುತ್ತದೆ ಎಂದು ಅದರ ಅರ್ಥ. ಜನಕ್ಕೆ ಅಷ್ಟು ಗೊತ್ತು. ಗೊತ್ತಿಲ್ಲದ್ದೇನೆಂದರೆ, ಆ ಅಳತೆಯನ್ನು ಆಗಾಗ ಬಿಗಿ ಮಾಡುತ್ತಾರೆ. ಹೋದ ವರ್ಷ ಐದು ನಕ್ಷತ್ರ ಗಿಟ್ಟಿಸಿಕೊಂಡು ಮೆರೆದ ಫ್ರಿಜ್ಜು ಈ ವರ್ಷದ ಲೆಕ್ಕಕ್ಕೆ ಮೂರಕ್ಕೆ ಇಳಿದಿರುತ್ತದೆ. ಚೀಟಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ವರ್ಷ ಇರುತ್ತದೆ, ನಿಜ. ಬಗ್ಗಿ ಓದುವ ಪುಣ್ಯಾತ್ಮ ಯಾರು ಹೇಳಿ!

ಆ ಅಂಗಡಿಯ ಫ್ರಿಜ್ಜಿನ ವಿಭಾಗದಲ್ಲಿ ಇದ್ದವರು ಇಬ್ಬರು. ಹಳಬನನ್ನು ಎಲ್ಲರೂ ಭಾವ ಎನ್ನುತ್ತಿದ್ದರು. ಹಾಗೆ ಕರೆಯಲು ಶುರುಮಾಡಿದವನು ಇನ್ನೊಬ್ಬ, ಅವನ ಹೆಂಡತಿಯ ತಮ್ಮ. ಅವನನ್ನು ಕೆಲಸಕ್ಕೆ ಸೇರಿಸಿ, ಮನೆಯ ಮುಂದಿನ ಕೋಣೆಯಲ್ಲಿ ಹಾಸಿಗೆ ಕೊಟ್ಟು, ವ್ಯಾಪಾರ ಕಲಿಸಿದವನು ಭಾವನೇ. ಕಲಿಸಿದ್ದರಲ್ಲಿ ಮುಖ್ಯವಾದದ್ದು ಒಂದು ರೂಢಿ.

"ಮುಂದಿನ ಸಾಲು ಈ ವರ್ಷದ್ದು, ಹಿಂದಿನ ಗೋಡೆಗೆ ಒರಗಿರೋದು ಹೋದ ವರ್ಷದ್ದು, ಬೆಲೆ ಇಳಿಸಿ ಮಾರೋದು. ಅಷ್ಟು ನೆನಪಿಟ್ಕೋ. ಗಿರಾಕಿ ಎದುರಿಗೆ ಬಗ್ಗಿ ಚೀಟಿ ಓದ್ತಾ ಕೂತ್ರೆ ಇವನಿಗೇ ಗೊತ್ತಿಲ್ಲ ಅಂತ ಎದ್ದು ಹೋಗ್ತಾರೆ."

ಭಾವಮೈದ ಅದನ್ನು ಹಾಗೇ ತಲೆಗೆ ಹಾಕಿಕೊಂಡ. ಒಳ್ಳೆಯ ಮಾತುಗಾರ ಬೇರೆ. ವರ್ಷ ಕಳೆಯುವಷ್ಟರಲ್ಲಿ ಗಿರಾಕಿಗಳು ಭಾವನನ್ನು ದಾಟಿಕೊಂಡು "ಆ ನಗ್‌ನಗ್ತಾ ಮಾತಾಡೋ ಹುಡುಗ ಎಲ್ಲಿ?" ಎಂದು ಕೇಳತೊಡಗಿದರು. ಭಾವ ಹಲ್ಲು ಕಿರಿದು ಅವನತ್ತ ಕೈ ತೋರಿಸುತ್ತಿದ್ದ. ಒಳಗೊಳಗೇ ಕುದಿಯುತ್ತಿದ್ದ.

ಹೀಗಿರುವಾಗ ಮಾಲೀಕರು ಇಬ್ಬರನ್ನೂ ಒಳಗೆ ಕರೆದರು. "ವ್ಯಾಪಾರ ಬಿದ್ದೋಗಿದೆ. ಈ ವಿಭಾಗಕ್ಕೆ ಇನ್ನು ಒಬ್ಬರು ಸಾಕು. ಯಾರು ಅಂತ ವಾರದ ಕೊನೆಗೆ ಹೇಳ್ತೀನಿ." ಹೇಳುವಾಗ ಅವರ ಕಣ್ಣು ಭಾವಮೈದನ ಮೇಲಿತ್ತು. ಭಾವ ಅದನ್ನು ಗಮನಿಸಿದ. ಈ ವಯಸ್ಸಿನಲ್ಲಿ ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತಿದರೆ ಯಾರು ಮೂಸಿ ನೋಡುತ್ತಾರೆ?

ಮರುದಿನ ಅವನು ಎಲ್ಲರಿಗಿಂತ ಮೊದಲು ಬಂದ. ಹಿಂದಿನ ಗೋಡೆಯಿಂದ ಹೋದ ವರ್ಷದ ಐದು ನಕ್ಷತ್ರದ ಫ್ರಿಜ್ಜೊಂದನ್ನು ತಳ್ಳಿಕೊಂಡು ಬಂದು ಮುಂದಿನ ಸಾಲಿನ ನಡುವೆ ನಿಲ್ಲಿಸಿದ. ಹಳೇ ಬೆಲೆಯ ಚೀಟಿ ಕಿತ್ತು ಹೊಸ ಬೆಲೆ ಹಚ್ಚಿದ. ಬಟ್ಟೆ ತಗೊಂಡು ಚೆನ್ನಾಗಿ ಒರೆಸಿದ ಕೂಡ. ಎಂಥ ಶ್ರದ್ಧೆ ನೋಡಿ!

ಮಧ್ಯಾಹ್ನ ಒಬ್ಬ ವಕೀಲೆ ಬಂದರು. ಭಾವಮೈದ ನಗುನಗುತ್ತ ಅದನ್ನೇ ತೋರಿಸಿ, "ಈ ವರ್ಷದ್ದೇ ಮೇಡಂ, ಐದು ನಕ್ಷತ್ರ, ಕಣ್ಮುಚ್ಚಿ ತಗೊಳ್ಳಿ" ಎಂದ. ಭಾವ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ಕೆಮ್ಮಲೂ ಇಲ್ಲ.

ವಕೀಲೆ ಮನೆಗೆ ಹೋಗಿ ಬಗ್ಗಿ ಓದಿದರು. ಮಾರನೆಯ ದಿನ ಅಂಗಡಿ ತುಂಬ ಜನರಿದ್ದಾಗ ಬಂದು ಮಾಲೀಕರ ಮಾನ ಹರಾಜು ಹಾಕಿದರು. ದುಡ್ಡು ವಾಪಸು ಎಣಿಸಿಕೊಟ್ಟ ಮಾಲೀಕರು ಭಾವಮೈದನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಭಾವ ಹೊರಗೆ ನಿಂತು, ಒರೆಸಿದ್ದನ್ನೇ ಒರೆಸುತ್ತಿದ್ದ. ಹುಡುಗ ಹೊರಬಂದವನೇ ಯಾರ ಮುಖವನ್ನೂ ನೋಡದೆ ಚೀಲ ಹೆಗಲಿಗೇರಿಸಿಕೊಂಡ.

ಸಂಜೆ ಭಾವ ಮನೆಗೆ ಬರುವಾಗ ಹುಡುಗ ಬೀದಿಯ ತಿರುವಿನಲ್ಲಿ ಕಾಯುತ್ತಿದ್ದ.

"ಅದನ್ನ ಮುಂದೆ ಯಾರು ಇಟ್ಟಿದ್ದು ಅಂತ ಮಾಲೀಕರು ಕೇಳಿದ್ರು, ಭಾವ. ನಾನೇ ಅಂದೆ."

ಭಾವ ಬೀದಿಯ ಆಚೀಚೆ ಯಾರಾದರೂ ಇದ್ದಾರಾ ಎಂದು ನೋಡಿದ.

"ನೀವು ತಳ್ಕೊಂಡು ಬರೋದನ್ನ ನೋಡಿದ್ದೆ. ನಿಮ್ಮ ಹಿಂದೆಯೇ ಬಂದು ಗೋಡೌನ್ ಬಾಗಿಲಲ್ಲಿ ನಿಂತಿದ್ದೆ. ಭಾವ ತಂದಿಟ್ಟಿದ್ದಾರೆ ಅಂದ್ಮೇಲೆ ನೋಡೇ ಇಟ್ಟಿರ್ತಾರೆ ಅಂದ್ಕೊಂಡೆ. ಏನೋ ಕಣ್ತಪ್ಪಿರ್ಬೇಕು, ಅಲ್ವಾ ಭಾವ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಹುಡುಗನ ದನಿಯಲ್ಲಿ ಅಷ್ಟೇ ಬೇಡಿಕೆ ಇತ್ತು. ಭಾವ ಮಾತ್ರ ದನಿ ತಗ್ಗಿಸಿ, "ಅಕ್ಕನ ಹತ್ರ ಇದನ್ನೆಲ್ಲ ಬಾಯಿ ಬಿಡಬೇಡ" ಎಂದ.

ಕಣ್ತಪ್ಪಿದ್ದಲ್ಲ ಎಂದು ಹುಡುಗನಿಗೆ ಅರ್ಥವಾಯಿತು. ಮನೆಯತ್ತ ನಡೆದ. ಹಿಂದೆ ಬರುತ್ತಿದ್ದ ಭಾವನಿಗೆ ಭಯ ಹತ್ತಿಕೊಂಡಿತು. ದಿನಾ ಎದುರಿಗೆ ಕೂತು ಉಣ್ಣುವವನು ಇವನು. ಇವತ್ತು ಸುಮ್ಮನಿದ್ದಾನೆ, ನಾಳೆ? ಆಹಾ, ಹೆದರಿದವನ ತಲೆ ಎಷ್ಟು ಚುರುಕಾಗಿ ಓಡುತ್ತದೆ! ಹೆಜ್ಜೆ ಬಿರುಸು ಮಾಡಿ ಅವನನ್ನು ದಾಟಿ, ಮೊದಲು ಒಳಗೆ ಹೋಗಿ ಹೆಂಡತಿಗೆ ಹೇಳಿದ.

"ನಿನ್ನ ತಮ್ಮ ಗಿರಾಕಿಗೆ ಮೋಸ ಮಾಡಿ ಸಿಕ್ಕಿಬಿದ್ದಿದ್ದಾನೆ. ಹಳೇದನ್ನ ಹೊಸದು ಅಂತ ಮಾರಿದ್ದಾನೆ. ಇನ್ಮೇಲೂ ಅವನನ್ನ ಮನೇಲಿಟ್ಕೊಂಡ್ರೆ ನನ್ನ ಕೆಲಸಕ್ಕೂ ಕುತ್ತು ಬರುತ್ತೆ."

ಅವಳು ಒಮ್ಮೆ ಗಂಡನ ಮುಖ ನೋಡಿದಳು. ಆಮೇಲೆ ಮುಂದಿನ ಕೋಣೆಗೆ ಹೋಗಿ, ತಮ್ಮನ ಹಾಸಿಗೆ ಸುತ್ತಿ, ಎದೆಗವಚಿಕೊಂಡು ಬಾಗಿಲಿಗೆ ಬಂದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ಹುಡುಗ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ಅನ್ನ ಹಾಕಿದವರ ಮುಖಕ್ಕೆ ಮಸಿ ಬಳಿದೆಯಲ್ಲೋ! ನಿಜ ಹೇಳು, ಗೊತ್ತಿದ್ದೇ ಮಾಡಿದ್ಯಾ?"

ಅವನು ಅಕ್ಕನ ಹೆಗಲಾಚೆ ನಿಂತಿದ್ದ ಭಾವನನ್ನು ನೋಡಿದ. ಭಾವ ಕಣ್ಣು ತಪ್ಪಿಸಲಿಲ್ಲ. ಉತ್ತರಕ್ಕೆ ಕಾದ.

"ಹೌದಕ್ಕ," ಎಂದು ಅವನು ಹಾಸಿಗೆ ತೆಗೆದುಕೊಂಡ.

"ನೋಡಿದ್ಯಾ?" ಎಂದ ಭಾವ, ಹೆಂಡತಿಗೆ.