ಗರಿಯಷ್ಟು ಹಗುರದ ಸೈಕಲ್ಲು

ಸೈಕಲ್ ರೇಸಿನ ಸೆಲೆಕ್ಷನ್ನಿಗೆಂದು ಕೋಚ್ ಪ್ರಿಯಂವದಾ ಮೇಡಂ ತಮ್ಮ ಕಾರ್ಬನ್ ಸೈಕಲ್ಲನ್ನೇ ಕೊಟ್ಟಾಗ ಧನಶ್ರೀ ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದ್ದಳು. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಜಕುಮಾರಿಯನ್ನು ಹೊತ್ತು ಸಮುದ್ರ ದಾಟುತ್ತಿದ್ದ ಹಕ್ಕಿಯೂ ಇಷ್ಟೇ ಹಗುರವಿದ್ದೀತು ಅನ್ನಿಸಿತ್ತು. ಇವತ್ತು ಕೋಲಾರದಲ್ಲಿ ಗೆದ್ದರೆ ರಾಜ್ಯದ ತಂಡ. ಬರುವ ವರ್ಷಕ್ಕೆ ವಯಸ್ಸು ಮೀರುತ್ತದೆ.

ರಾಯಲ್ಪಾಡಿನಿಂದ ಹೊರಡಲಿದ್ದ ಟೆಂಪೋದಲ್ಲಿ, ಮಾವಿನ ಕ್ರೇಟುಗಳ ಮೇಲೆ ಸೈಕಲ್ಲು ಮಲಗಿತು. ತಾತ ಮುನಿರಾಮಪ್ಪ ಹಗ್ಗ ಎಸೆದರು. ಅವರ ಮಗ, ಚಿಕ್ಕಪ್ಪ ಆಂಜಿ, ಆ ಕಡೆಯಿಂದ ಹಿಡಿದ. ವಾದ ಆಗಲೇ ಶುರುವಾಗಿತ್ತು.

"ಸೈಕಲ್ಲು ಅಂದ್ರೆ ಕಬ್ಬಿಣದ್ದು ಕಣೋ. ನಿಮ್ಮಮ್ಮನ್ನೂ ಹುಣಸೆಹಣ್ಣಿನ ಮೂಟೇನೂ ಒಟ್ಟಿಗೆ ಕೂರಿಸ್ಕೊಂಡು ಬಂದಿದ್ದೀನಿ."

"ಅರ್ಧ ದಾರಿ ಅಮ್ಮನೇ ಇಳಿದು ತಳ್ಳಿದ್ಲಂತೆ. ಅಲ್ಯೂಮಿನಿಯಂ ಆದ್ರೆ ತುಕ್ಕಿಲ್ಲ, ಭಾರಾನೂ ಇಲ್ಲ."

"ಅದ್ರಲ್ಲಿ ಅನ್ನ ಬೇಯಿಸ್ಕೋ ಹೋಗು. ಇನ್ನು ಈ ಕಾರ್ಬನ್ನು, ಇದ್ದಿಲಲ್ವೇನ್ಲಾ?"

ಮಾತಾಡುತ್ತಲೇ ತಾತ, ಹಣ್ಣಿನ ಲೋಡು ಕಟ್ಟುವ ಹಾಗೆಯೇ ಹಗ್ಗದ ನಡುವೆ ಕೋಲು ತೂರಿಸಿ ತಿರುವತೊಡಗಿದರು. ತಿರುವಿದಷ್ಟೂ ಹಗ್ಗ ಬಿಗಿಯುತ್ತದೆ. ಅವರು ಕಟ್ಟಿದ ಲೋಡು ಯಾವತ್ತೂ ಅಲುಗಿದ್ದಿಲ್ಲ.

"ತಾತ, ಸಾಕು. ಅದನ್ನ ಹಿಸುಕಬಾರ್ದಂತೆ, ಮೇಡಂ ಹೇಳಿದ್ರು."

"ಊರ್ಕೋಮ್ಮಾ, ಸುಮ್ಕಿರು. ದಾರೀಲಿ ಬಿದ್ದೋದ್ರೆ ಅವರಿಗೆ ಯಾರು ಜವಾಬು ಹೇಳೋದು?" ಇನ್ನೊಂದು ಸುತ್ತು ತಿರುವಿದರು.

ಚಿಟ್ ಅಂದಿತು.

"ಏನೋ ಸದ್ದಾಯ್ತು," ಅಂದಳು ಧನಶ್ರೀ.

"ಕ್ರೇಟಿಂದು," ಅಂದ ಆಂಜಿ.

ಕೋಲಾರದವರೆಗೂ ಇಬ್ಬರ ನಡುವೆ ಕೂತ ಧನಶ್ರೀಯ ತಲೆಯ ಮೇಲೆ ಕಬ್ಬಿಣ, ಅಲ್ಯೂಮಿನಿಯಂ ಹಾರಾಡಿದವು. ಬಿಚ್ಚಿ ನೋಡೋಣ ಅಂದಳು. ಹಗ್ಗ ಬಿಚ್ಚಿದರೆ ಮತ್ತೆ ಕಟ್ಟಬೇಕು, ಹೊತ್ತಾಗುತ್ತೆ ಅಂದರು. ಆ ಒಂದು ಮಾತಲ್ಲಿ ಮಾತ್ರ ಇಬ್ಬರೂ ಒಂದೇ.

ಮೈದಾನದಲ್ಲಿ ಇಳಿಸಿದಾಗ ಮೇಲಿನ ಅಡ್ಡಪೈಪಿನಲ್ಲಿ ಕೂದಲೆಳೆಯಷ್ಟು ಗೆರೆ. ಮೇಡಂ ಹೆಬ್ಬೆರಳಿಟ್ಟು ಒತ್ತಿದರು. ಒಳಕ್ಕೆ ಹೋಯಿತು.

"ಇದರ ಮೇಲೆ ನಿನ್ನ ಹತ್ತಿಸಲ್ಲ ಧನಶ್ರೀ. ಇಳಿಜಾರಲ್ಲಿ ಮುರಿದ್ರೆ? ನಿನ್ನ ಹಳೇದು?"

"ಊರಲ್ಲಿದೆ."

"ವೆಲ್ಡಿಂಗ್ ಮಾಡಿಸಿದ್ರೆ ಮೇಡಂ?" ಅಂದ ಆಂಜಿ.

"ಇದಕ್ಕೆ ವೆಲ್ಡಿಂಗ್ ಇಲ್ಲಪ್ಪ."

"ಅದಕ್ಕೇ ನಾನು ಅಲ್ಯೂಮಿನಿ..." ಅಂದವನು ಧನಶ್ರೀಯ ಮುಖ ನೋಡಿ ಬಿಚ್ಚಿದ ಹಗ್ಗ ಸುತ್ತತೊಡಗಿದ.

ತಾತ ಕಬ್ಬಿಣದ ಮಾತೆತ್ತಲಿಲ್ಲ. "ಬೀಳದೆ ಇರ್ಲಿ ಅಂತ ಬಿಗಿದೆ ಕಣಮ್ಮಾ," ಅಂದರು. ಬೈಯಬೇಕೆಂದು ಧನಶ್ರೀ ಬಾಯಿ ತೆರೆದಳು. ಹಗ್ಗ ಎಳೆದು ಕೆಂಪಾಗಿದ್ದ ಅವರ ಅಂಗೈ ಕಣ್ಣಿಗೆ ಬಿತ್ತು.

ಬೇರೆ ಹುಡುಗಿಯರೆಲ್ಲ ರೇಸು ಶುರುವಾಗುವ ಗೆರೆಯ ಮೇಲೆ ನಿಂತಿದ್ದರು. ಮೈಕಿನಲ್ಲಿ ಅವಳ ಹೆಸರು ಕೂಗಿದರು. ಮತ್ತೊಮ್ಮೆ ಕೂಗಿದರು.

"ಇಲ್ಲೇ ಇದ್ದಾಳೆ ಸ್ವಾಮಿ," ತಾತ ಕೈಯೆತ್ತಿದರು, "ಒಂಚೂರು ತಾಳಿ."

ಸೀಟಿ ಊದಿದರು. ಸೈಕಲ್ಲುಗಳು ಹೊರಟುಹೋದವು. ತಾತ ಎತ್ತಿದ ಕೈ ಇಳಿಸಿರಲಿಲ್ಲ. ಧನಶ್ರೀಯೇ ಹೋಗಿ ಅದನ್ನು ಹಿಡಿದು ಕೆಳಗಿಳಿಸಿದಳು.